ತುಂಡುಗೀಟು

ತಿಕೋಟಾ ದಾಟಿ ಎಡಕ್ಕೆ ಹೊರಳಿದರೆ ಬಂದಗಿಸಾಬರ ಬಾವಿ.
ಎಪ್ಪತ್ತೆರಡು ಮೆಟ್ಟಿಲು.
ಟೇಪಿನ ಒಂದು ತುದಿ ಅವರ ಕೈಲಿ,
ಇನ್ನೊಂದು ನನ್ನ ಸೊಂಟಕ್ಕೆ.
ಪಾರಿವಾಳಗಳು ಮುಖಕ್ಕೆ ರೆಕ್ಕೆ ಬೀಸಿ ಮೇಲೆದ್ದವು.

"ಜ್ವಾಲಾಮುಖಿ ನಕಾಶಿ ತಗೀತೀರಂತ.
ಗುಡ್ಡ ಎಲ್ಲೈತ್ರಿ ಬಾಯಾರ?"

ಗುಡ್ಡವಿಲ್ಲ, ಅಂದೆ.
ಎಲ್ಲೋ ಪಡುವಣದಲ್ಲಿ ನೆಲವೇ
ಹೊಲಿಗೆ ಬಿಟ್ಟ ಗೋಣಿಚೀಲದ ಹಾಗೆ ಉದ್ದಕ್ಕೆ ಹರಿದು
ಒಳಗಿನದು ಹೊರಬಿತ್ತು.
ಉಕ್ಕಿದ ಅಂಬಲಿ ಒಲೆಯಿಳಿದು
ಅಡುಗೆಮನೆಯನ್ನೆಲ್ಲ ಹಿಡಿದಂತೆ ಇಲ್ಲಿಯವರೆಗೂ ಬಂತು.
ಆರಿತು. ಮತ್ತೆ ಉಕ್ಕಿತು.
ಈ ಬಾವಿಯ ಗೋಡೆಯಲ್ಲಿ ನಾನು ಎಣಿಸಿದ್ದು ಮೂರು ಸಲ.

ಅವರು ಎಣಿಸಿದ್ದು ನಾಲ್ಕು.

"ಮೂವತ್ತೊಂದನೇ ಮೆಟ್ಟಲ ಬಾಜೂಕ ಬೆರಳ ಹಾಕ್ರಿ."
ಹಾಕಿದೆ.
ಪಾಚಿಯ ಹಿಂದೆ ಕಲ್ಲು ಮೆತ್ತಗಾಯಿತು,
ಬೆರಳು ಕೆಂಪಾಗಿ ಹೊರಬಂತು.

ಎರಡು ಬೆಂಕಿಗಳ ನಡುವೆ ನೆಲಕ್ಕೆ ಸಿಕ್ಕ ಬಿಡುವು.
ಕಲ್ಲು ಕೊಳೆತು ಮಣ್ಣಾಗುವಷ್ಟು,
ಒಂದು ಬೇರು ಹೆದರದೆ ಕೆಳಗಿಳಿಯುವಷ್ಟು.
ಆಮೇಲೆ ಬಂದ ಬೆಂಕಿ
ಅದನ್ನು ಇಟ್ಟಿಗೆಯಂತೆ ಸುಟ್ಟು ಮೇಲೆ ಕೂತಿತು.
ನಾವು ಬರಲು ಇನ್ನೂ ಆರು ಕೋಟಿ ವರ್ಷ ಬಾಕಿ.
"ನಮ್ಮಾಕಿ ಇದರಲೇ ಹೊಸ್ತಲ ಸಾರಸ್ತಿದ್ಲು,"
ಅಂದರು ಬಂದಗಿಸಾಬ, ಬೆರಳು ನೋಡುತ್ತ.

ನಲವತ್ತು ಹೆಜ್ಜೆ ಆಚೆ ಇನ್ನೊಂದು ಬಾವಿ,
ಲಗ್ನವಾದ ವರ್ಷ ಮಾವನ ಕೂಡ ಅವರೇ ತೋಡಿದ್ದು.
"ಇಲ್ಲಿ ಕೆಂಪ ಇಪ್ಪತ್ತಾರ ಫೂಟಿಗೆ.
ಅಲ್ಲಿ ನಲವತ್ತಕ್ಕ ಹೋದ್ರೂ ಇಲ್ಲ.
ನಲವತ್ತಮೂರಕ್ಕ ಹತ್ತಿತು.
ಅಳತಿ ತಪ್ಪೀದಿ ಮಗನ ಅಂತ ಮಾವ
ನಾಕ ಮಂದ್ಯಾಗ ಬೈದ.
ಐವತ್ತ ವರ್ಷಾತು.
ತಪ್ಪಿಲ್ರೀ ನಾ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.
ಹದಿನೇಳು ಫೂಟು.
ಹತ್ತು ದಿನದಿಂದ ಬಿಸಿಲಲ್ಲಿ ಹುಡುಕುತ್ತಿದ್ದದ್ದು
ಈ ಮನುಷ್ಯನ ಅವಮಾನದೊಳಗೆ ಇತ್ತು.
ಎರಡು ಬಾವಿಗಳ ನಡುವೆ ಎಲ್ಲೋ
ಭೂಮಿ ಒಂದು ಹೆಗಲು ಇಳಿಸಿದೆ.

ನಮ್ಮಲ್ಲೊಂದು ನಿಯಮ:
ಕಣ್ಣಾರೆ ಕಂಡ ಬಿರುಕಿಗೆ ಅಖಂಡ ಗೀಟು.
ಊಹೆಗೆ ತುಂಡುಗೀಟು.
ಎರೆಮಣ್ಣಿನಡಿ ಹೂತುಹೋದದ್ದಕ್ಕೆ ಬರೀ ಚುಕ್ಕಿ.
ಹಾಳೆ ಮಂಡಿಯ ಮೇಲಿಟ್ಟು ಎಳೆದೆ.
ಗೀಟು, ಬಿಡುವು, ಗೀಟು.
ಕಣದ ನಡುವೆ,
ಗಾಲಿಯಿಲ್ಲದ ಟ್ರೇಲರಿನ ಅಡಿಗೆ,
ಅಂಗನವಾಡಿಯ ಮೂಲೆ ಸವರಿ ಡೋಣಿಯ ಕಡೆಗೆ.
ಆಮೇಲೆ ಚುಕ್ಕಿ, ಚುಕ್ಕಿ.

ಅಂಗನವಾಡಿಯ ಸುಗಲವ್ವ ಹೆಗಲ ಮೇಲಿಂದ ಇಣುಕಿದಳು.
"ಹ್ವಾದ ವರ್ಷ ರಾತ್ರಿ ಭಾಂಡೆ ನಡಗಿದ್ದು ಇದೇ ಗೀಟೇನ್ರಿ?
ಮತ್ತ ನಡಗತೈತೇನು?"
ನಾಲ್ಕು ಥರ ಸುತ್ತಿ ಬಳಸಿ ಹೇಳಲು ಹೋಗಿ
ಕೊನೆಗೆ ಗೊತ್ತಿಲ್ಲ ಅಂದೆ.
ಆಕೆ ಏನೂ ಅನ್ನಲಿಲ್ಲ.
ಒಳಗೆ ಹೋಗಿ ಮೇಲಿನ ಹಲಗೆಯ ಡಬ್ಬಗಳನ್ನು
ಒಂದೊಂದೇ ನೆಲಕ್ಕಿಳಿಸತೊಡಗಿದಳು.
ಹಾಲಿನ ಪುಡಿ. ಬೇಳೆ. ಎಣ್ಣೆಯ ಕ್ಯಾನು.
ಕೊನೆಗೆ ಗಡಿಯಾರ.

ಸಂಜೆ ಜೀಪು ಹೊರಡುವಾಗ
ಬಂದಗಿಸಾಬ ಬಾಗಿಲು ಹಿಡಿದು ನಿಂತರು.
"ಒಂದ ಕಾಗದ ಬರದ ಕೊಡ್ರಿ.
ಅಳತಿ ಬರೋಬ್ಬರಿ ಐತಿ ಅಂತ."
ಯಾರ ಹೆಸರಿಗೆ?
"ಮಾವನ ಹೆಸರಿಗೆ. ಹುಸೇನಸಾಬ."
ತೀರಿಕೊಂಡು ಮೂವತ್ತು ವರ್ಷವಂತೆ.

ಡೈರಿಯ ಹಾಳೆ ಹರಿದು ಬರೆದೆ:
ಇಪ್ಪತ್ತಾರು, ನಲವತ್ತಮೂರು, ಎರಡೂ ಸರಿ ಇವೆ.
ತಾರೀಖು ಹಾಕಿದೆ. ಸಹಿ.
"ಶಿಕ್ಕಾ?" ಅಂದರು.
ಶಿಕ್ಕಾ ಕಚೇರಿಯಲ್ಲಿತ್ತು.
ಕೆಂಪು ಬೆರಳನ್ನೇ ಒತ್ತಿದೆ.

ಮಡಿಚಿ ಜೇಬಿಗಿಟ್ಟು
ಕಬರಸ್ತಾನದ ದಾರಿ ಹಿಡಿದರು.
ಅದು ಗೀಟಿನ ಆ ಕಡೆಗಿದೆ, ನೆಲ ಇಳಿದ ಕಡೆಗೆ.
ಮೇಲಿಂದ ನೋಡಿದರೆ ಎಲ್ಲ ಸಪಾಟು, ಬಿಳಿಜೋಳದ ಕೊಯ್ದ ಕೂಳೆ.
ಆದರೂ ಅವರು ಒಂದು ಕಡೆ
ಮೆಟ್ಟಿಲು ಇಳಿಯುವವರಂತೆ ಕಾಲಿಟ್ಟರು.